ಕಬಿನಿ ಕಟ್ಟುವಾಗ ಕೇಳುವ ನಿಯಮವೇ ಇರಲಿಲ್ಲ

ರಜೆಯಲ್ಲಿ ನಮ್ಮವರು ಹೆಗ್ಗಡದೇವನಕೋಟೆ ಕಡೆ ಹೋಗಿ, ಕಬಿನಿ ನೋಡಿ, ಆನೆಯ ಫೋಟೊ ತೆಗೆದು ಬರುತ್ತಾರೆ. ಆ ನೀರಿನಡಿಯಲ್ಲಿ ಊರುಗಳಿದ್ದವು, ಹೊಲಗಳಿದ್ದವು, ಜೇನುಕುರುಬರ ಹಾಡಿಗಳಿದ್ದವು, ಕಾಕನಕೋಟೆಯ ಕಾಡಿತ್ತು. ಕಾಡು ಮುಳುಗುವ ಮುಂಚೆ, 1971ರಲ್ಲಿ, ಅಲ್ಲಿ ಕೊನೆಯ ಖೆಡ್ಡಾ ನಡೆಯಿತು. 1974ರಲ್ಲಿ ಬೀಚನಹಳ್ಳಿಯ ಅಣೆಕಟ್ಟು ಮುಗಿಯಿತು. ಕೆಳಗಿನ ಗದ್ದೆಗಳು ಹಸಿರಾದದ್ದೂ ಸತ್ಯವೇ.

ಆದರೆ ಏನೇನು ಮುಳುಗುತ್ತದೆ, ಯಾರು ಎಲ್ಲಿಗೆ ಹೋಗಬೇಕು, ಹೊಳೆ ಏನಾಗುತ್ತದೆ ಎಂದು ಮೊದಲೇ ಅಧ್ಯಯನ ಮಾಡಿ ಜನರ ಮುಂದಿಡಬೇಕೆಂಬ ಕಾನೂನು ಆಗ ಇರಲಿಲ್ಲ. ಪರಿಸರ ಪರಿಣಾಮ ಅಧ್ಯಯನ ಕಾನೂನಿನಲ್ಲಿ ಕಡ್ಡಾಯವಾದದ್ದು 1994ರಲ್ಲಿ. ಜನರ ಅಹವಾಲು ಕೇಳಬೇಕೆಂಬ ನಿಯಮ ಬಂದದ್ದು 1997ರಲ್ಲಿ.

ಈಗ 2006ರ ಅಧಿಸೂಚನೆಯಂತೆ ದೊಡ್ಡ ನೀರಾವರಿ ಯೋಜನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಅಹವಾಲು ಸಭೆ ನಡೆಸಬೇಕು. 30 ದಿನ ಮೊದಲೇ ಪತ್ರಿಕೆಯಲ್ಲಿ ಪ್ರಕಟಣೆ ಕೊಡಬೇಕು. ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಬಾಯಲ್ಲಿ ಹೇಳಬಹುದು, ಬರೆದೂ ಕೊಡಬಹುದು. ನಾವೋ, ಅಂಥ ಪ್ರಕಟಣೆ ಇರುವ ಪುಟವನ್ನು ಮಗುಚಿ ಮುಂದೆ ಹೋಗುತ್ತೇವೆ. ನಾನೂ ಅಷ್ಟೇ!

ಇದರಲ್ಲೂ ಒಂದು ಕಂಡಿ ಇದೆ. ಕುಡಿಯುವ ನೀರಿನ ಯೋಜನೆ ಎಂದರೆ ಪರಿಸರ ಅನುಮತಿ ಬೇಡ. ನಮ್ಮ ನೇತ್ರಾವತಿಗೆ ಸೇರುವ ಎತ್ತಿನಹೊಳೆ ಮತ್ತು ಪಕ್ಕದ ಹಳ್ಳಗಳಿಂದ 24 ಟಿಎಂಸಿ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದ ಕಡೆ ಒಯ್ಯುವ ಯೋಜನೆ ಈ ಕಂಡಿಯಲ್ಲೇ ದಾಟಿತು. ಅದರಲ್ಲಿ ಕೆರೆ ತುಂಬಿಸುವ ಪಾಲೂ ಇದೆ. ಯೋಜನೆಯ ವಿರುದ್ಧದ ಅರ್ಜಿಗಳನ್ನು 2019ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಳ್ಳಿಹಾಕಿತು. ಹೊಳೆ ಬದಿಯಲ್ಲೇ ಹುಟ್ಟಿ ಬೆಳೆದ ಉಪ್ಪಿನಂಗಡಿ, ಪಾಣೆಮಂಗಳೂರಿನ ನಮ್ಮ ಹಿರಿಯರನ್ನು ಕರೆದು ಕೇಳುವ ಅಗತ್ಯ ಕಾನೂನಿಗೆ ಬೀಳಲೇ ಇಲ್ಲ.