ಗೋಪುರಕ್ಕಿಂತ ಕೇರಿ ದೊಡ್ಡದು

ಇಟಲಿಯ ಫ್ಲಾರೆನ್ಸಿನಲ್ಲಿ ಓದುತ್ತಿರುವ ನನ್ನ ತಮ್ಮ ರಜೆಯ ದಿನ ಬುತ್ತಿ ಕಟ್ಟಿಕೊಂಡು, ಬಸ್ಸು ಹಿಡಿದು, ಗುಡ್ಡದ ಮೇಲಿನ ಎರಡು ಹಳೆಯ ಊರುಗಳನ್ನು ನೋಡಿಬಂದನು.

ಮೊದಲು ಸಾನ್ ಜಿಮಿನ್ಯಾನೊ. ಹಿಂದೆ ಅಲ್ಲಿನ ಸಿರಿವಂತ ಮನೆತನಗಳು ಪೈಪೋಟಿಯಿಂದ ಸುಮಾರು 72 ಗೋಪುರಗಳನ್ನು ಎತ್ತಿದ್ದವು. 1348ರ ಪ್ಲೇಗು ಊರಿನ ಸಿರಿಯನ್ನು ಮುರಿಯಿತು. ಈಗ ಉಳಿದಿರುವುವು 14.

ಅದೇ ಪ್ಲೇಗು ಸಿಯೆನಾವನ್ನೂ ಬಡಿಯಿತು. 1339ರಲ್ಲಿ ಆರಂಭಿಸಿದ್ದ ಮಹಾಮಂದಿರದ ವಿಸ್ತರಣೆ ಅರ್ಧಕ್ಕೆ ನಿಂತಿತು. ಮೊಂಡುಗೋಡೆ ಇಂದಿಗೂ ಕಾಣುತ್ತದೆ. ಆದರೆ ಅಲ್ಲಿನ 17 ಕೇರಿಗಳು ಅಳಿಯಲಿಲ್ಲ. ಜುಲೈ 2ರಂದೂ ಆಗಸ್ಟ್ 16ರಂದೂ ಅವು ಪಂದ್ಯಕ್ಕೆ ಕುದುರೆ ಬಿಡುತ್ತವೆ. ಊರಾಚೆ ನೆಲೆಸಿದವರೂ ಮಕ್ಕಳನ್ನು ಕರೆತಂದು, ಕಾರಂಜಿಯ ನೀರು ತಳಿಸಿ, ಕೇರಿಗೆ ಸೇರಿಸುತ್ತಾರೆ.

ಪರಸ್ಥಳದಲ್ಲಿ ಮಕ್ಕಳನ್ನು ಬೆಳೆಸುತ್ತಿರುವ ನಮಗೆ ಇದು ಮನನಯೋಗ್ಯವಲ್ಲವೇ?