ತರಿ ಮೈಯ ಮೇಲೆ ಕರೆಂಟಿನ ಗೆರೆ

ಕರೆಂಟು ಅಂದ ಕೂಡಲೇ ನಮಗೆ ನೆನಪಾಗೋದು ತಾಮ್ರದ ತಂತಿ. ಆದರೆ ಟಾರ್ಚಿನ ಹಳೇ ಸೆಲ್ಲಿನ ನಡುವೆ ಒಂದು ಕರೀ ಕಡ್ಡಿ ಇರುತ್ತದಲ್ಲ, ಅದು ಇಂಗಾಲ. ಅದರಲ್ಲೂ ಕರೆಂಟು ಹರಿಯುತ್ತದೆ. ಪೆನ್ಸಿಲ್ಲಿನ ಗ್ರಾಫೈಟ್ ಸಹ ಇಂಗಾಲವೇ. ಇದನ್ನು ಶಾಯಿ ಮಾಡಿ ಕಾಗದ, ಬಟ್ಟೆಗಳ ಮೇಲೆ ವಿದ್ಯುತ್ ಮಂಡಲವನ್ನೇ ಅಚ್ಚು ಹಾಕುತ್ತಾರೆ.

ಗ್ರಾಫೈಟ್ ಅಂದರೆ ಹಾಳೆ ಮೇಲೆ ಹಾಳೆ ಪೇರಿಸಿದ ಪುಸ್ತಕದ ಹಾಗೆ. ಅದರ ಒಂದೇ ಹಾಳೆಗೆ ಗ್ರಾಫೀನ್ ಎಂದು ಹೆಸರು. ಒಂದು ಪರಮಾಣುವಿನಷ್ಟೇ ದಪ್ಪ! 2004ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಆಂದ್ರೆ ಗೈಮ್ ಮತ್ತು ಕಾನ್‌ಸ್ಟಂಟಿನ್ ನೊವೊಸೆಲೊವ್ ಅದನ್ನು ಬಿಡಿಸಿದ್ದು ಅಂಟು ಟೇಪಿನಿಂದ. 2010ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದೇ ಹಾಳೆ ಸುರುಳಿಯಾದಂತೆ ಇದ್ದರೆ ಇಂಗಾಲದ ನ್ಯಾನೊ ಕೊಳವೆ. ಜಪಾನಿನ ಸುಮಿಯೊ ಇಜಿಮಾ 1991ರಲ್ಲಿ ಅದನ್ನು ವಿವರಿಸಿದರು. ನಮ್ಮ ಬೆಂಗಳೂರಿನ ಪ್ರೊ. ಸಿ.ಎನ್.ಆರ್. ರಾವ್ ಅವರೂ ಇವೆರಡರ ಮೇಲೆ ಬಹಳ ಸಂಶೋಧನೆ ಮಾಡಿದ್ದಾರೆ.

ತೊಂದರೆ ಇರೋದು ಮೈಯ ತರಿಯಲ್ಲಿ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ಕಾಗದ ಕೈಗೆ ನುಣುಪು, ಆದರೆ ಸೂಕ್ಷ್ಮದರ್ಶಕದಲ್ಲಿ ಅದು ಹುಲ್ಲಿನ ಬಣವೆ. ಅದರ ಉಬ್ಬು ತಗ್ಗು ಸಾವಿರಾರು ನ್ಯಾನೊಮೀಟರ್. ತೆಳು ಶಾಯಿ ಹಾಕಿದರೆ ಇಂಗಾಲದ ಚೂರುಗಳು ತಗ್ಗಿಗೆ ಬಿದ್ದು ಒಂದಕ್ಕೊಂದು ತಾಗೋದೇ ಇಲ್ಲ. ಹಳ್ಳ ದಾಟೋಕೆ ಕಲ್ಲು ಇಟ್ಟಿರುತ್ತಾರಲ್ಲ, ನಡುವೆ ಎರಡು ಕಲ್ಲು ಇಲ್ಲದಿದ್ದರೆ ಏನು ಗತಿ? ಹಾಗೇ ಇದು.

ನಾನೇ ಮಾಡಿ ನೋಡಿದೆ. 6ಬಿ ಪೆನ್ಸಿಲ್ಲಿನಿಂದ ಡ್ರಾಯಿಂಗ್ ಹಾಳೆ ಮೇಲೆ ಬೆರಳಗಲದ ಪಟ್ಟಿಯನ್ನು ಒತ್ತಿ ಒತ್ತಿ ತಿದ್ದಿ, 9 ವೋಲ್ಟಿನ ಬ್ಯಾಟರಿ, ಒಂದು ಎಲ್‌ಇಡಿ ಸೇರಿಸಿದರೆ ಮಿಣಿಮಿಣಿ ಉರಿಯಿತು. ತುದಿಗಳನ್ನು ಹತ್ತಿರ ತಂದಷ್ಟೂ ಬೆಳಕು ಜಾಸ್ತಿ. ಅದೇ ಪಟ್ಟಿಯನ್ನು ನಮ್ಮ ಹಿತ್ತಲ ಸುಣ್ಣದ ಗೋಡೆ ಮೇಲೆ ಎಳೆದರೆ ಉರಿಯಲೇ ಇಲ್ಲ.

ಹಾಗಾದರೆ ದಪ್ಪಗೆ ಬಳಿದರಾಯ್ತಲ್ಲ? ಹೌದು, ಅದೂ ಉಂಟು. ಸಕ್ಕರೆ ಕಾಯಿಲೆ ನೋಡೋಕೆ ನಮ್ಮಜ್ಜಿಯ ಬೆರಳು ಚುಚ್ಚಿ ರಕ್ತ ಹಾಕುವ ಪಟ್ಟಿ ಇದೆಯಲ್ಲ, ಅಂಥ ಅನೇಕ ಪಟ್ಟಿಗಳಲ್ಲಿ ಇಂಗಾಲದ ದಪ್ಪ ಶಾಯಿಯನ್ನು ಜಾಲರಿಯ ಮೂಲಕ ಒತ್ತಿರುತ್ತಾರೆ. ಆದರೆ ಹೀಗೆ ಬಹಳ ಸಣ್ಣ ಗೆರೆ ಬರೋದಿಲ್ಲ. ಮೇಲಾಗಿ ಪಟ್ಟಿ ಪ್ಲಾಸ್ಟಿಕ್ಕು, ಒಮ್ಮೆ ಬಳಸಿ ಬಿಸಾಕಬೇಕು. ಅದು ಕಾಗದದ್ದಾದರೆ ಅಜ್ಜಿಗೆ ಖರ್ಚು ಕಡಿಮೆ ಆದೀತು ಅಂತ ನನ್ನ ಆಸೆ.

ಇನ್ನೊಂದು ಅಡ್ಡಿ ಅಂಟು. ಹಿಂದೆ ನಮ್ಮ ಕಡೆ ಹುಣಸೆ ಬೀಜದ ಸರಿಗೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿದು, ಕಡತ ಮಾಡಿ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಇಂಗಾಲ ತರಿ ಬಟ್ಟೆಗೆ ಗಟ್ಟಿಯಾಗಿ ಕೂತಿತು, ಆದರೆ ಅದರಲ್ಲಿ ಕರೆಂಟು ಹರಿಯದು. ಸೌದೆಯ ಇದ್ದಿಲು ಒಳ್ಳೆಯ ವಾಹಕ ಅಲ್ಲ, ಸಾಲದ್ದಕ್ಕೆ ಕಣಗಳ ನಡುವೆ ಸರಿ ಬೇರೆ. ಗ್ರಾಫೀನ್ ಶಾಯಿಗೂ ಇಂಥದೇ ಕಾಟ. ಚೂರುಗಳು ಗಂಟು ಕಟ್ಟದಿರಲಿ ಅಂತ ಬೆರೆಸಿದ ವಸ್ತುವೇ ಆಮೇಲೆ ಅಡ್ಡ ನಿಲ್ಲುತ್ತದೆ. ಕಾಯಿಸಿ ಕಳೆಯೋಣ ಅಂದರೆ ಕಾಗದವೇ ಸುಟ್ಟುಹೋಗುತ್ತದೆ. ಅಮೆರಿಕದ ಅಯೋವಾ ಸ್ಟೇಟ್ ವಿಶ್ವವಿದ್ಯಾಲಯದವರು 2016ರಲ್ಲಿ ಉಪಾಯ ತೋರಿಸಿದರು. ಲೇಸರನ್ನು ಮಿಂಚಿನ ಹಾಗೆ ಕ್ಷಣ ಕ್ಷಣ ಹಾಯಿಸಿದರೆ ಶಾಯಿ ಮಾತ್ರ ಕಾಯುತ್ತದೆ, ಕಾಗದ ಉಳಿಯುತ್ತದೆ.

ಡ್ಯೂಕ್ ವಿಶ್ವವಿದ್ಯಾಲಯದವರ ದಾರಿ ಬೇರೆ. ಅವರು ಶಾಯಿಯನ್ನು ಮಂಜಿನಂತೆ ಸಣ್ಣ ಹನಿ ಮಾಡಿ ಊದುತ್ತಾರೆ. ಮೂತಿ ಮೈಗೆ ತಾಗೋದಿಲ್ಲ, ಆದ್ದರಿಂದ ಉಬ್ಬು ತಗ್ಗಿದ್ದರೂ ಗೆರೆ ಬೀಳುತ್ತದೆ. 2021ರಲ್ಲಿ ನ್ಯಾನೊ ಕೊಳವೆ, ಗ್ರಾಫೀನ್, ಮರದ ನಾರು ಇಷ್ಟರಿಂದಲೇ ಕಾಗದದ ಮೇಲೆ ಟ್ರಾನ್ಸಿಸ್ಟರ್ ಮುದ್ರಿಸಿದರು. ಕೆಲಸ ಮುಗಿದ ಮೇಲೆ ದ್ರಾವಣದಲ್ಲಿ ಅದ್ದಿ ಇಂಗಾಲದ ಬಹುಪಾಲನ್ನು ವಾಪಸು ತೆಗೆದರು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ರೈಸ್ ವಿಶ್ವವಿದ್ಯಾಲಯದವರಂತೂ 2018ರಲ್ಲಿ ಶಾಯಿಯ ಗೊಡವೆಯೇ ಬೇಡ ಅಂತ ಬ್ರೆಡ್ಡು, ಆಲೂಗಡ್ಡೆ, ತೆಂಗಿನ ಚಿಪ್ಪಿನ ಮೈಯನ್ನೇ ಲೇಸರಿನಿಂದ ಗ್ರಾಫೀನ್ ಮಾಡಿಬಿಟ್ಟರು!

ಮನೆಗೆ ವೈರಿಂಗ್ ಬದಲು ಶಾಯಿ ಬಳಿಯಬಹುದಾ ಅಂತ 7ನೇ ತರಗತಿಯವರು ಕೇಳಿದರು. ಆಗೋದಿಲ್ಲ. ಮುದ್ರಿಸಿದ ಇಂಗಾಲದ ಗೆರೆಗೆ ತಾಮ್ರಕ್ಕಿಂತ ರೋಧ ಬಹಳ ಹೆಚ್ಚು, ಪಂಪು ಓಡದು. ರಕ್ತ, ನೀರು, ಮಣ್ಣು ಪರೀಕ್ಷಿಸೋಕೆ ಚೂರು ಕರೆಂಟು ಸಾಕು, ಇದರ ಉಪಯೋಗ ಅಲ್ಲಿ. ಪೆನ್ಸಿಲ್ ಪ್ರಯೋಗ ಮಾಡುವವರು ಎಲ್‌ಇಡಿಯ ಉದ್ದ ಕಾಲನ್ನು ಬ್ಯಾಟರಿಯ ಪ್ಲಸ್ ಕಡೆಗೆ ಇಡಿ. ಗೋಡೆಯ ಪ್ಲಗ್ಗಿನ ಹತ್ತಿರ ಮಾತ್ರ ಹೋಗಬೇಡಿ.

– 9ನೇ ತರಗತಿ