ಬಿಳಿ ಅಂಗಿಗೆ ಹಳದಿ ಬಂದ ದಾರಿ

ನವೆಂಬರಿನಲ್ಲಿ ಕನ್ನಡಿಗರ ರಾಜ್ಯೋತ್ಸವ, ಡಿಸೆಂಬರ್ 16ಕ್ಕೆ ಬಹ್ರೇನಿನ ರಾಷ್ಟ್ರೀಯ ದಿನ. ಬಿಳಿ ಟೀ ಶರ್ಟಿನ ಮೇಲೆ ಚಿತ್ರ ಒತ್ತಿಸಿಕೊಳ್ಳುವವರಿಗೆ ಇದು ಸುಗ್ಗಿಯ ಕಾಲ. ಬಹ್ರೇನಿನ ಸಲ್ಮಾಬಾದ್‌ನಂಥ ಗ್ಯಾರೇಜು, ಗೋದಾಮುಗಳ ಬಡಾವಣೆಯಲ್ಲಿ ಹೀಟ್ ಪ್ರೆಸ್ ಇಟ್ಟುಕೊಂಡವರಿಗೆ ಒಂದು ಸಂಕಟ ಚೆನ್ನಾಗಿ ಗೊತ್ತು: ಚಿತ್ರವೇನೋ ಅಚ್ಚುಕಟ್ಟಾಗಿ ಕೂತಿರುತ್ತದೆ, ಸುತ್ತಲೂ ಪ್ಲೇಟಿನ ಅಳತೆಗೇ ತೆಳು ಹಳದಿ ಚೌಕ ಮೂಡಿರುತ್ತದೆ. ಅಂಗಿ ಸುಟ್ಟಿತೆಂದು ಗಿರಾಕಿ ಸಿಟ್ಟಾಗುತ್ತಾರೆ. ಆದರೆ ಬಟ್ಟೆ ಸುಡದೆಯೂ ಹಳದಿಯಾಗುತ್ತದೆ.

ನಮ್ಮ ಮನೆಗಳಲ್ಲಿ ಬಿಳಿ ಪಂಚೆಗೆ ನೀಲಿ ಹಾಕುತ್ತಿದ್ದರಲ್ಲ, ಕಾರ್ಖಾನೆಗಳೂ ಬಟ್ಟೆಗೆ ಅಂಥದ್ದೇ ಒಂದನ್ನು ಸೇರಿಸುತ್ತವೆ. 1929ರಲ್ಲಿ ಜರ್ಮನಿಯ ಪೌಲ್ ಕ್ರೈಸ್, ಹಾರ್ಸ್ ಚೆಸ್ಟ್‌ನಟ್ ಮರದ ಏಸ್ಕುಲಿನ್ ಎಂಬ ವಸ್ತು ಬಟ್ಟೆಯನ್ನು ಹೆಚ್ಚು ಬೆಳ್ಳಗೆ ಕಾಣಿಸುವುದನ್ನು ತೋರಿಸಿದರು. ಅದು ಕಣ್ಣಿಗೆ ಕಾಣದ ನೇರಳಾತೀತ (ಯುವಿ) ಕಿರಣ ಹೀರಿ ನೀಲಿ ಬೆಳಕು ಹೊಮ್ಮಿಸುತ್ತದೆ. ಇಂದಿನ ಹೊಳಪುಕಾರಕಗಳ ಕೆಲಸವೂ ಇದೇ. ಅತಿಯಾದ ಶಾಖಕ್ಕೆ ಅವು ಸೊರಗಿದರೆ ಬಟ್ಟೆಯ ಮೂಲ ಹಳದಿ ಛಾಯೆ ಹೊರಬೀಳುತ್ತದೆ. ಕತ್ತಲಲ್ಲಿ ಯುವಿ ಟಾರ್ಚ್ ಹಿಡಿಯಿರಿ. ಒತ್ತಿದ ಚೌಕ ಮಾತ್ರ ಮಂಕಾಗಿದ್ದರೆ ಶಾಖ ಅತಿಯಾದದ್ದರಲ್ಲಿ ಸಂಶಯವೇ ಬೇಡ.

ಅಷ್ಟು ಶಾಖ ಯಾಕೆ ಬೇಕಾಯಿತು? 1941ರಲ್ಲಿ ಇಂಗ್ಲೆಂಡಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಪಾಲಿಯೆಸ್ಟರ್ ನೂಲನ್ನು ಕಂಡುಹಿಡಿದರು. 1957ರಲ್ಲಿ ಫ್ರಾನ್ಸಿನ ನೋಯೆಲ್ ದ ಪ್ಲಾಸ್, ಕೆಲವು ಬಣ್ಣಗಳು ಕಾಯಿಸಿದಾಗ ಕರಗದೆ ನೇರ ಆವಿಯಾಗಿ ಆ ನೂಲಿನೊಳಗೆ ಇಳಿಯುವುದನ್ನು ಗುರುತಿಸಿದರು. ಈ ಸಬ್ಲಿಮೇಷನ್‌ಗೆ 190ರಿಂದ 200 ಡಿಗ್ರಿ ಸೆಲ್ಸಿಯಸ್, ಮುಕ್ಕಾಲು ನಿಮಿಷಕ್ಕೂ ಮೇಲೆ ಬೇಕು. ಹತ್ತಿಗೆ ಒತ್ತುವ, ಚಿತ್ರ ಅಚ್ಚಾದ ಡಿಟಿಎಫ್ (ಡೈರೆಕ್ಟ್ ಟು ಫಿಲ್ಮ್) ಹಾಳೆಗಾದರೋ ಸಾಮಾನ್ಯವಾಗಿ 150–160 ಡಿಗ್ರಿ, ಹತ್ತು ಹದಿನೈದು ಸೆಕೆಂಡು ಸಾಕು. ಪಾಲಿಯೆಸ್ಟರಿಗೆ ಇಟ್ಟ ಶಾಖವನ್ನು ಇಳಿಸದೆ ಹತ್ತಿಯ ಅಂಗಿ ಹಾಕಿದರೆ ಕೆಟ್ಟಂತೆಯೇ. ಹಾಳಾಗುವ ಅಂಗಿಗಳಲ್ಲಿ ಹೆಚ್ಚಿನವು ಈ ಅವಸರಕ್ಕೇ ಬಲಿಯಾಗುತ್ತವೆ ಎಂದು ನನ್ನ ನಂಬಿಕೆ. ಪ್ರೆಸ್ಸಿನ ಪರದೆಯ ಮೇಲಿನ ಅಂಕಿಯನ್ನೂ ಪೂರ್ತಿ ನಂಬಬಾರದು. ಪ್ಲೇಟಿನ ನಡುವೆ ಒಂದು ಶಾಖ, ಮೂಲೆಯಲ್ಲಿ ಇನ್ನೊಂದು ಇರಬಹುದು.

ಹಳದಿಯ ಬದಲು ಕೆಂಪು, ನೀಲಿಯ ಮಸುಕು ನೆರಳು ಬಿದ್ದಿದ್ದರೆ ಒತ್ತುವಾಗ ಅಂಗಿಯ ಮೇಲೆ ಹೊದಿಸುವ ಟೆಫ್ಲಾನ್ ಹಾಳೆ ನೋಡಿ. ಹಿಂದಿನ ಅಂಗಿಯ ಬಣ್ಣ ಅಲ್ಲಿ ಕೂತು ಮತ್ತೆ ಆವಿಯಾಗಿರುತ್ತದೆ. ಪ್ರತಿ ಸಲ ಹೊಸ ಕಾಗದ ಹಾಕಿದರೆ ಮುಗಿಯಿತು.

ಪ್ರೆಸ್ಸಿಗೆ ಬರುವ ಮೊದಲೇ ಹಳದಿಯಾದ ಅಂಗಿಗಳೂ ಇವೆ. ಪ್ಲಾಸ್ಟಿಕ್ ಚೀಲ ಬೇಗ ಹಾಳಾಗದಿರಲೆಂದು ಬೆರೆಸುವ ಬಿಎಚ್‌ಟಿ ಎಂಬ ವಸ್ತು ಬಟ್ಟೆಗೆ ಇಳಿದು, ವಾಹನದ ಹೊಗೆಯಲ್ಲಿರುವ ನೈಟ್ರೋಜನ್ ಆಕ್ಸೈಡ್‌ಗಳ ಜೊತೆ ಸೇರಿ ಹಳದಿಯಾಗುತ್ತದೆ. ಗ್ಯಾರೇಜುಗಳ ನಡುವೆ ಅಂಗಿಯ ಕಟ್ಟು ಇಟ್ಟವರು ಇದನ್ನು ಮರೆಯಬಾರದು. ಈ ಹಳದಿ ಮಡಿಕೆಯ ಅಂಚಿನಲ್ಲಿ, ಗಾಳಿ ತಾಗಿದ ಕಡೆ ಹೆಚ್ಚು. ಬಿಸಿಲಿಗೆ ಹರವಿದರೆ ಬಹುಮಟ್ಟಿಗೆ ಮಾಯವಾಗುತ್ತದೆ. ಸುಟ್ಟ ಕಲೆ ಹಾಗೆ ಹೋಗುವುದಿಲ್ಲ. ಹಾಗಾಗಿ ದೂರು ಬಂದ ದಿನ ಮೊದಲು ಬಿಚ್ಚಿ ನೋಡಬೇಕಾದದ್ದು ಅದೇ ಕಟ್ಟಿನಲ್ಲಿರುವ, ಇನ್ನೂ ಒತ್ತದ ಅಂಗಿಯನ್ನು.